ಎಲ್ಲದರಲ್ಲೂ ಹಿಂದುಳಿದ ದೇಶದ ರಫ್ತು

ದಸರಾ ರಜೆ ಮುಗಿದು ಕಾಲೇಜು ಮತ್ತೆ ಶುರುವಾದ ದಿನ, ಸೀಮೆಸುಣ್ಣಕ್ಕೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಬಂದದ್ದು ಒಂದೂವರೆ ಮೊಳ ದಾರ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರ. ಅಂಟು ಹಿಡಿದು ಕಪ್ಪಗಾಗಿತ್ತು, ಘಾಟು ಹಾಗೇ ಇತ್ತು. ಮುಂದಿನ ಬೆಂಚಿನ ಹುಡುಗಿ ಒಂದು ಸಲ ಸೀನಿದಳು. ಹಿಂದಿನ ಬೆಂಚಿನವರು ಬೆಟ್ಟದಪುರದ ಕಡೆಯವರು, ಅವರಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾರ್ ರಜೆಯಲ್ಲಿ ಸೊಪ್ಪು ಕಟ್ಟಿ ಬಂದಿದ್ದಾರೆ ಎಂದು ಮೆಚ್ಚಿಗೆಯಿಂದ ಪಿಸುಗುಟ್ಟಿದರು. ನಾನು ತಿದ್ದಲು ಹೋಗಲಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಕಟ್ಟಿದ ಸೊಪ್ಪು ಒಂದೂ ಕಡ್ಡಿಯಲ್ಲಿ ನಿಲ್ಲಲಿಲ್ಲ. ಆಮೇಲೆ ಕಟ್ಟಲು ಮನೆಯಲ್ಲಿ ಬಿಡಲೂ ಇಲ್ಲ.

ಅವತ್ತಿನ ಪಾಠವೋ, ಎರಡು ದೇಶಗಳ ನಡುವಿನ ವ್ಯಾಪಾರ. ಇಪ್ಪತ್ತೈದು ವರ್ಷದಿಂದ ಹುಣಸೂರಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೇನೆ, ಈ ಪಾಠ ಮಾತ್ರ ಬಂದಾಗಲೆಲ್ಲ ನನಗೆ ನೆಂಟರ ಮನೆಗೆ ಹೋದಂತಾಗುತ್ತದೆ. ಪುಸ್ತಕದಲ್ಲಿ ಎರಡು ದೇಶ, ಎರಡು ಸರಕು: ಬಟ್ಟೆ ಮತ್ತು ದ್ರಾಕ್ಷಾರಸ. ದ್ರಾಕ್ಷಾರಸ ಎಂದಾಗ ತರಗತಿ ಒಂದು ನಿಮಿಷ ಎಚ್ಚರಗೊಂಡು, ಬಟ್ಟೆ ಎಂದಾಗ ಮತ್ತೆ ಮಲಗುತ್ತದೆ. ಒಂದು ದೇಶ ಎರಡನ್ನೂ ಚೆನ್ನಾಗಿ ಮಾಡುತ್ತದೆ. ಇನ್ನೊಂದು ಎರಡರಲ್ಲೂ ಹಿಂದೆ. ಹಾಗಿದ್ದ ಮೇಲೆ ಮುಂದಿರುವ ದೇಶ ಹಿಂದಿರುವುದರ ಜೊತೆ ವ್ಯಾಪಾರ ಯಾಕಾದರೂ ಮಾಡಬೇಕು? ಮಾಡಬೇಕು ಎನ್ನುತ್ತದೆ ಪುಸ್ತಕ. ಜಾಣ ದೇಶ ತನಗೆ ಎಲ್ಲಕ್ಕಿಂತ ಚೆನ್ನಾಗಿ ಬರುವುದನ್ನು ಮಾಡಿಕೊಂಡಿರಲಿ. ದಡ್ಡ ದೇಶ ತನಗೆ ಎಲ್ಲಕ್ಕಿಂತ ಕಡಿಮೆ ಕೆಟ್ಟದಾಗಿ ಬರುವುದನ್ನು ಮಾಡಲಿ. ಆಮೇಲೆ ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ. ಜಾಣ ದೇಶದ ಬಗ್ಗೆ ನನಗೆ ಯಾವತ್ತೂ ಏನೂ ಅನಿಸಿಲ್ಲ. ದಡ್ಡ ದೇಶದ ಮೇಲೆ ಮಾತ್ರ ಬಹಳ ಮಮತೆ. ಭೂಪಟದಲ್ಲಿ ಅದು ಎಲ್ಲೇ ಇರಲಿ, ಅದರ ಖಾಯಂ ಪ್ರಜೆ ನಾನು.

ನಮ್ಮ ಮನೆಯಲ್ಲಿ ಜಾಣ ದೇಶ ನನ್ನ ಹೆಂಡತಿ ಸುನಂದ. ಹಾಲು ಕರೆಯುವುದು, ಕಳೆ ತೆಗೆಸುವುದು, ಸೊಪ್ಪು ಮುರಿಯುವುದು, ಹರಾಜಿನ ಕಟ್ಟೆಯಲ್ಲಿ ನಿಂತು ದರ ಕೇಳುವುದು, ಇವೆಲ್ಲ ಅವಳದು. ನನ್ನದು ದಿನಾ ಬೆಳಗ್ಗೆ ಬಸ್ಸು ಹಿಡಿಯುವುದು. ಅದನ್ನೂ ಅವಳೇ ಗೇಟಿನಲ್ಲಿ ನಿಂತು ಕೈ ಅಡ್ಡ ಹಿಡಿದು ನಿಲ್ಲಿಸಿಕೊಡುತ್ತಾಳೆ, ನಾನು ಕೈ ಚಾಚಿದರೆ ಡ್ರೈವರು ಯಾರೋ ಕೈ ಬೀಸಿ ಬೀಳ್ಕೊಡುತ್ತಿದ್ದಾರೆಂದು ತಿಳಿದು ಹೋಗಿಬಿಡುತ್ತಾನೆ. ನನಗೆ ಯಾರ ಸಹಾಯವೂ ಇಲ್ಲದೆ ಬರುವ ಕೆಲಸ ಒಂದೇ, ಚಿಂತೆ. ಮೋಡವಾದರೆ ಆಲಿಕಲ್ಲಿನ ಚಿಂತೆ, ಆಗದಿದ್ದರೆ ಬಿಸಿಲಿನ ಚಿಂತೆ. ಹಸು ಕೆಮ್ಮಿದರೆ ಚಿಂತೆ, ಎರಡು ದಿನ ಕೆಮ್ಮದಿದ್ದರೆ ಯಾಕೆ ಕೆಮ್ಮುತ್ತಿಲ್ಲ ಎಂಬ ಚಿಂತೆ. ಗ್ಯಾಸಿನ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಹುಣಸೂರು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದವನು ನಾನು. ಅವತ್ತು ಮನೆಯಲ್ಲಿ ಸಿಲಿಂಡರೇ ಖಾಲಿಯಾಗಿತ್ತು.

ಈ ವ್ಯಾಪಾರದ ಪಾಠವನ್ನು ನಾನು ಪುಸ್ತಕಕ್ಕೂ ಮೊದಲೇ ಉಂಡಿದ್ದೆ, ಮುದ್ದೆಯ ರೂಪದಲ್ಲಿ. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಪುಟ್ಟತಾಯಮ್ಮ ಅಂತ ಒಬ್ಬರಿದ್ದರು. ನಮ್ಮವ್ವನ ಕೈ ಎರಡರಲ್ಲೂ ಚುರುಕು. ಸೊಪ್ಪು ಕಟ್ಟುವುದರಲ್ಲೂ ಸರಿ, ಮುದ್ದೆ ತಿರುವುವುದರಲ್ಲೂ ಸರಿ. ಪುಟ್ಟತಾಯಮ್ಮ ಎರಡರಲ್ಲೂ ನಿಧಾನ. ಸೊಪ್ಪಿನ ಕಾಲ ಬಂತೆಂದರೆ ಅವ್ವ ಎರಡೂ ಮನೆಯ ಸೊಪ್ಪನ್ನು ತಾನು ಕಟ್ಟುತ್ತಿದ್ದಳು, ಪುಟ್ಟತಾಯಮ್ಮ ಎರಡೂ ಮನೆಗೆ ಮುದ್ದೆ ತಿರುವುತ್ತಿದ್ದರು. ಆ ಮುದ್ದೆಯೋ, ಮುರಿದರೆ ಒಳಗೆ ಒಣಹಿಟ್ಟಿನ ಗಂಟುಗಳು ಹಲಸಿನ ಬೀಜದ ಹಾಗೆ ಇಣುಕುತ್ತಿದ್ದವು. ನಾನೂ ಅಣ್ಣನೂ ಗಂಟುಗಳನ್ನು ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದೆವು, ಯಾರದು ಹೆಚ್ಚು ಎಂದು ಪಂದ್ಯ. ನಿನ್ನ ಮುದ್ದೆಯೇ ಚೆನ್ನಾಗಿರುತ್ತದಲ್ಲವ್ವ, ನೀನೇ ಮಾಡು ಎಂದು ಒಂದು ದಿನ ನಾನು ಅತ್ತೆ. ಅವ್ವ ದಾರದಿಂದ ಕಣ್ಣು ಎತ್ತದೆ ಹೇಳಿದಳು:

"ನಾ ಒಲೆ ಮುಂದೆ ಕುಂತ್ರೆ ಇಪ್ಪತ್ತು ಕಡ್ಡಿ ನಿಂತೋಯ್ತವೆ ಕಣಪ್ಪ. ಅವ್ಳು ಕುಂತ್ರೆ ಬರೀ ನಾಕು ಕಡ್ಡಿ. ಗಂಟು ನುಂಗ್ಕೊ."

ಪುಸ್ತಕದಲ್ಲಿ ಎಂಟು ಪುಟವಿರುವ ಸಿದ್ಧಾಂತ ಇಷ್ಟೇ. ಗಂಟು ನುಂಗುವ ಮಾತು ಪುಸ್ತಕದಲ್ಲಿ ಇಲ್ಲ, ಇರಬೇಕಾಗಿತ್ತು.

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. ಅಣ್ಣ ಸ್ವಾಮಿಗೌಡ ನನಗಿಂತ ಆರು ವರ್ಷ ದೊಡ್ಡವನು. ಪಾಲಾದ ಮೇಲೆ ಹಳೆಯ ಮನೆಯ ನಡುಮನೆಗೆ ಒಂದು ಗೋಡೆ ಎದ್ದಿತು. ಅತ್ತ ಅವನ ಮನೆ, ಇತ್ತ ನಮ್ಮದು. ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಮಾತಾದರೂ ಇರುತ್ತಿತ್ತು. ಎರಡೂ ಮನೆಗೆ ಸ್ವಾವಲಂಬನೆಯ ಹುಚ್ಚು ಹಿಡಿಯಿತು. ಅವರು ಔಷಧಿ ಹೊಡೆಯುವ ಡಬ್ಬ ತಂದರೆ ಮಾರನೆಯ ವಾರ ನಾವೂ ತಂದೆವು. ನಾವು ಏಣಿ ಮಾಡಿಸಿದರೆ ಅವರೂ ಮಾಡಿಸಿದರು, ನಮ್ಮದಕ್ಕಿಂತ ಎರಡು ಮೆಟ್ಟಿಲು ಹೆಚ್ಚಿಟ್ಟು. ಹೊಗೆಸೊಪ್ಪನ್ನು ಒಲೆಯ ಬಿಸಿಯಲ್ಲಿ ಹದಮಾಡಿ ಒಣಗಿಸುವ ಕೋಣೆ, ಅಂದರೆ ಬ್ಯಾರನ್ನು, ಎರಡಾಯಿತು. ಗೋಡೆಯ ಆಚೆಯಿಂದ ಒಂದು ಹಿಡಿ ಉಪ್ಪು ಕೇಳುವುದು ಎಂದರೆ ಸೋತಂತೆ. ಅತ್ತಿಗೆ ಜಯಮ್ಮ ಸಾರಿಗೆ ಹಾಕುವ ಒಗ್ಗರಣೆಯ ವಾಸನೆ ಮಾತ್ರ ಸುಂಕವಿಲ್ಲದೆ ಈಚೆಗೆ ಬರುತ್ತಿತ್ತು.

ಈ ವರ್ಷ ದಸರಾ ಹೊತ್ತಿಗೆ ಎರಡೂ ಮನೆಗೆ ಒಟ್ಟಿಗೇ ಪೇಚು ಬಂತು. ಕೂಲಿಗೆ ಬರುತ್ತಿದ್ದವರೆಲ್ಲ ಬೆಳಗಾದರೆ ಜೀಪು ಹತ್ತಿ ಎಚ್.ಡಿ. ಕೋಟೆ ಕಡೆಯ ಶುಂಠಿ ಹೊಲಗಳಿಗೆ ಹೋಗತೊಡಗಿದರು. ಕೇರಳದಿಂದ ಬಂದು ಗುತ್ತಿಗೆ ಹಿಡಿದವರ ಹೊಲ, ಕೂಲಿಯೂ ಹೆಚ್ಚು, ಮಧ್ಯಾಹ್ನಕ್ಕೆ ಮೀನಿನ ಸಾರೂ ಉಂಟಂತೆ. ಅಣ್ಣ ಬ್ಯಾರನ್ ತುಂಬಿ ಬೆಂಕಿ ಹಚ್ಚಿಯಾಗಿತ್ತು. ಹಚ್ಚಿದ ಮೇಲೆ ಐದಾರು ದಿನ ಬಿಡದೆ ಒಬ್ಬರು ಕಾಯಲೇಬೇಕು. ಆದರೆ ಹೊಲದಲ್ಲಿ ಮುಂದಿನ ಸೊಪ್ಪು ಹಣ್ಣಾಗಿ ನಿಂತಿತ್ತು. ಆ ವಾರ ಮುರಿಯದಿದ್ದರೆ ಅರ್ಧ ಬೆಳೆ ಗಿಡದಲ್ಲೇ ಸುಟ್ಟುಹೋಗುತ್ತಿತ್ತು. ಬ್ಯಾರನ್ ಬಿಟ್ಟು ಹೊಲಕ್ಕೆ ಹೋಗುವಂತಿಲ್ಲ, ಹೊಲ ಬಿಟ್ಟು ಬ್ಯಾರನ್ ಮುಂದೆ ಕೂರುವಂತಿಲ್ಲ. ಈಚೆ ಕಡೆ ನಮ್ಮ ಹಟ್ಟಿಯಲ್ಲಿ ಮುರಿದ ಸೊಪ್ಪಿನ ಗುಡ್ಡೆ. ಕಟ್ಟಲು ಸುನಂದ ಒಬ್ಬಳು. ಒಬ್ಬಳು ಎಂದೆನಲ್ಲ, ಪಕ್ಕದಲ್ಲಿ ನಾನೂ ಕೂತಿದ್ದೆ.

ನಾನು ಕಟ್ಟಿದ ಕಡ್ಡಿಯನ್ನು ಎತ್ತಿದರೆ ಸೊಪ್ಪು ಒಂದೊಂದಾಗಿ ಜಾರಿ, ಮದುವೆ ಊಟ ಮುಗಿಸಿದ ನೆಂಟರ ಹಾಗೆ ಹೊರಟುಹೋಗುತ್ತಿತ್ತು. ಆದರೂ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಗೋಡೆಯ ಆಚೆ ಒಂದು ದೇಶ, ಈಚೆ ಒಂದು ದೇಶ, ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಸೊಪ್ಪು ಸುತ್ತಿದ್ದ ಹಳೆ ಪೇಪರಿನ ಅಂಚಿನಲ್ಲಿ ಕೋಷ್ಟಕ ಬರೆದು ಸುನಂದಳಿಗೆ ಮುಕ್ತ ವ್ಯಾಪಾರದ ಮಹಿಮೆ ವಿವರಿಸಿದೆ. ಅತ್ತಿಗೆಯನ್ನು ಕಟ್ಟಲು ಕರೆಯೋಣ, ಬದಲಿಗೆ ನಾವೇನಾದರೂ ಕೊಡೋಣ ಎಂದೆ. ಅವಳು ತಕ್ಷಣ, ಅಕ್ಕನಿಗಿಂತ ನಾನೇ ಬೇಗ ಕಟ್ಟುತ್ತೇನೆ, ಅಕ್ಕನಿಂದ ನನಗೇನಾಗಬೇಕು ಎಂದಳು. ಇದು ಪ್ರತಿವರ್ಷ ಮೂರನೆಯ ಬೆಂಚಿನಿಂದ ಬರುವ ಪ್ರಶ್ನೆಯೇ. ನಾನು ಉತ್ಸಾಹದಿಂದ ಎರಡನೆಯ ಕೋಷ್ಟಕ ಶುರುಮಾಡಿದೆ. ಆ ಪೇಪರು ಇತ್ತ ಕೊಡಿ ಎಂದು ಇಸಿದುಕೊಂಡು ಕಡ್ಡಿಯ ಕೆಳಗೆ ಹಾಸಿದಳು.

ಇನ್ನೆರಡು ಕಡ್ಡಿ ಕಟ್ಟಿದಳು. ಆಮೇಲೆ ಎದ್ದು, ಕೈ ಒರೆಸಿಕೊಂಡು, ಹಿತ್ತಿಲಿನಿಂದ ಸುತ್ತಿ ಗೋಡೆಯಾಚೆಯ ದೇಶಕ್ಕೆ ಹೊರಟಳು. ಎಷ್ಟೋ ವರ್ಷಗಳ ಮೇಲೆ ನಡೆದ ಆ ರಾಜತಾಂತ್ರಿಕ ಭೇಟಿಗೆ ನಾನೂ ಹಿಂದೆ ಹಿಂದೆ ಹೋದೆ.

ಅವಳು ಕೇಳಿದ್ದು ಮುಯ್ಯಿ. ನಮ್ಮ ಕಡೆ ಇದು ಹಳೆಯ ಪದ್ಧತಿ: ಇವತ್ತು ನಿಮ್ಮ ಮನೆಯವರು ನಮ್ಮ ಕೆಲಸಕ್ಕೆ ಬಂದರೆ ನಾಳೆ ನಮ್ಮವರು ನಿಮ್ಮ ಕೆಲಸಕ್ಕೆ. ದುಡ್ಡಿಲ್ಲ, ಆಳಿಗೆ ಆಳು. ಅತ್ತಿಗೆ ನಮ್ಮಲ್ಲಿಗೆ ಸೊಪ್ಪು ಕಟ್ಟಲು ಬರಲಿ, ಅದರ ಮುಯ್ಯಿಗೆ ನಾನು ಅಣ್ಣನ ಬ್ಯಾರನ್ ಮುಂದೆ ಕೂರಬೇಕು, ಅಣ್ಣ ಹೊಲಕ್ಕೆ ಹೋಗಲಿ. ಅತ್ತಿಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ, ಸಂತೆಯಲ್ಲಿ ಕುಂಬಳಕಾಯಿ ನೋಡುವ ಹಾಗೆ ನೋಡಿದರು. ಮುಯ್ಯಿಯಲ್ಲಿ ಮುದುಕರನ್ನೂ ಮಕ್ಕಳನ್ನೂ ಅರ್ಧ ಆಳು ಎಂದು ಹಿಡಿಯುವುದುಂಟು.

"ಮೇಷ್ಟ್ರುನ್ನ ಒಂದಾಳು ಅಂತ ಎಂಗವ್ವ ಇಡಕೊಳ್ಳಾದು?" ಎಂದರು.

"ಅರ್ಧ ಅಂತ ಇಟ್ಕೊ ಅಕ್ಕ. ನಾನೇನ್ ಜಗಳ ಮಾಡಕಿಲ್ಲ" ಎಂದಳು ಸುನಂದ, ಒಂದು ಕ್ಷಣವೂ ಯೋಚಿಸದೆ.

ಹೀಗೆ ವಿನಿಮಯ ದರ ನಿಗದಿಯಾಯಿತು: ನನ್ನ ಎರಡು ದಿನಕ್ಕೆ ಅತ್ತಿಗೆಯ ಒಂದು ದಿನ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ರಫ್ತಾಗುವ ಅಕ್ಕಿಯನ್ನು ಯಾವ ದೇಶದಲ್ಲಿ ಕೇಳುತ್ತಾರೆ?

ಅಣ್ಣ ಮಾತ್ರ ಒಪ್ಪಲಿಲ್ಲ. ಅವನಿಗೆ ಕಾರಣವಿತ್ತು. ನಾನು ಡಿಗ್ರಿ ಓದುವಾಗ ಅಪ್ಪ ಒಮ್ಮೆ ನನ್ನನ್ನು ಬ್ಯಾರನ್ ಕಾಯಲು ಕೂರಿಸಿ ಹೋಗಿದ್ದ. ಮೊದಲ ಎರಡು ದಿನ ಬಾಗಿಲು, ಗಾಳಿಕಂಡಿ ಎಲ್ಲ ಮುಚ್ಚಿ, ಹದವಾದ ಬಿಸಿಯಲ್ಲಿ ಸೊಪ್ಪು ಹಳದಿಗೆ ತಿರುಗಲು ಬಿಡಬೇಕು. ನನಗೆ ಒಳಗೆ ಏನಾಗುತ್ತಿದೆಯೋ ಎಂಬ ಚಿಂತೆ. ಬಾಗಿಲು ತೆಗೆದು ನೋಡಿದೆ. ತೆಗೆದದ್ದರಿಂದ ಏನಾಯಿತೋ ಎಂಬ ಚಿಂತೆಗೆ ಮತ್ತೆ ತೆಗೆದೆ. ಗಂಟೆಗೊಮ್ಮೆ ತೆಗೆದು ಹಾಕಿ, ಬಿಸಿಯೆಲ್ಲ ಹೊರಗೆ ಹೋಗಿ, ಬ್ಯಾರನ್ ಪೂರ್ತಿ ಸೊಪ್ಪು ಹಸಿರಾಗಿಯೇ ಒಣಗಿತು. ಹರಾಜಿನಲ್ಲಿ ಅದನ್ನು ಕಂಡವರು ಇದು ಹೊಗೆಸೊಪ್ಪೋ ಬೇವಿನಸೊಪ್ಪೋ ಎಂದು ಕೇಳಿದರಂತೆ. ಅಲ್ಲಿ ಅಪ್ಪನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವನು ಅಣ್ಣ. ನಾನು ಪರೀಕ್ಷೆ ಇದೆ ಎಂದು ಮೈಸೂರಿಗೆ ಹೋಗಿಬಿಟ್ಟಿದ್ದೆ.

ಅಣ್ಣ ಈಗಲೂ ನನ್ನ ಕಡೆ ತಿರುಗದೆ, ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತ, ನನಗಿಂತ ಚೆನ್ನಾಗಿ ಕಾಯುತ್ತಾನೇನು ಅವನು ಎಂದು ಕೇಳಿದ. ನನಗೆ ಉತ್ತರ ಗೊತ್ತಿತ್ತು, ಇಪ್ಪತ್ತೈದು ವರ್ಷದಿಂದ ಹೇಳುತ್ತಿರುವ ಉತ್ತರ. ಬಾಯಿ ತೆರೆಯುವಷ್ಟರಲ್ಲಿ ಸುನಂದ ಹೇಳಿದಳು:

"ಚೆನ್ನಾಗ್ ಕಾಯ್ತಾರೆ ಅಂತ ನಾನೆಲ್ಲಂದೆ ಭಾವ? ನೀವು ಇಲ್ಲೇ ಕುಂತ್ರೆ ಹೊಲದಲ್ಲಿ ಸೊಪ್ಪು ಮುರಿಯೋರ್ ಯಾರು? ಇವ್ರು ಹೊಲಕ್ ಬಂದ್ರೆ ಗಿಡಾನೂ ಉಳಿಯಕಿಲ್ಲ. ನಮ್ಮಟ್ಟೀಲಿದ್ರೆ ಎರಡು ಕಡ್ಡಿ ಕಟ್ತಾರೆ, ಅದುನ್ನ ಬಿಚ್ಚಿ ಕಟ್ಟಕೆ ನಂಗೆ ನಾಕು ಕಡ್ಡಿ ಹೊತ್ತು. ಇಲ್ ಕುಂತ್ರೆ ಯಾರ್ಗೂ ನಷ್ಟ ಇಲ್ಲ."

ಅವಕಾಶ ವೆಚ್ಚ, ಅಂದರೆ ಒಂದು ಕೆಲಸಕ್ಕಾಗಿ ಕೈಬಿಟ್ಟ ಇನ್ನೊಂದು ಕೆಲಸದ ಬೆಲೆ, ಎಂಬುದನ್ನು ನಾನು ತರಗತಿಯಲ್ಲಿ ಇಷ್ಟು ಸ್ಪಷ್ಟವಾಗಿ ಯಾವತ್ತೂ ಹೇಳಿದ್ದಿಲ್ಲ. ನನ್ನ ಅವಕಾಶ ವೆಚ್ಚ ಸೊನ್ನೆಗಿಂತ ಕೆಳಗಿದೆ ಎಂದು ಹೆಂಡತಿಯ ಬಾಯಲ್ಲಿ ಕೇಳಿದ ಮೇಲೆ ಹೆಮ್ಮೆಪಡಬೇಕೋ ಬೇಡವೋ ತಿಳಿಯಲಿಲ್ಲ. ಅಣ್ಣ ಹೊಲದ ಕಡೆ ನೋಡಿದ. ಹಣ್ಣಾದ ಸೊಪ್ಪು ದೂರಕ್ಕೇ ಹಳದಿ ಕಾಣುತ್ತಿತ್ತು. ಬಾಗಿಲಿಗೆ ಬೀಗ ಹಾಕುವುದಾದರೆ ಸರಿ ಎಂದ. ಅತ್ತಿಗೆ ಒಳಗಿನಿಂದ ಬೀಗ ತಂದು ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಹಟ್ಟಿಗೆ ಸೊಪ್ಪು ಕಟ್ಟಲು ಹೊರಟರು. ಮುಕ್ತ ವ್ಯಾಪಾರವೇನೋ ಆರಂಭವಾಯಿತು, ಬೀಗ ಹಾಕಿಕೊಂಡು.

ಬ್ಯಾರನ್ನಿನ ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜಿನ ಕಿಂಡಿ ಇರುತ್ತದೆ. ಅದರಿಂದ ನೋಡಿದರೆ ಒಳಗೆ ತೂಗುಹಾಕಿದ ಥರ್ಮಾಮೀಟರು ಕಾಣುತ್ತದೆ, ಅದರ ಹಿಂದೆ ಕಡ್ಡಿಕಡ್ಡಿಯಾಗಿ ನೇತಾಡುವ ಸೊಪ್ಪು, ಕೆಳಗೆ ಬಿಸಿ ಹೊತ್ತ ತಗಡಿನ ಕೊಳವೆಗಳು. ಅಣ್ಣನಂಥವರು ಗಂಟೆಗೊಮ್ಮೆ ಎದ್ದು ಅದರಲ್ಲಿ ನೋಡಿ, ಸೌದೆ ಸರಿಮಾಡಿ, ಬೀಡಿ ಹಚ್ಚಿ ಕೂರುತ್ತಾರೆ. ನಾನು ಐದು ನಿಮಿಷಕ್ಕೊಮ್ಮೆ ನೋಡಿದೆ. ನನ್ನ ಮೂಗಿನ ಗುರುತು ಗಾಜಿನ ಮೇಲೆ ಖಾಯಮಾಯಿತು. ಹಗಲೂ ರಾತ್ರಿಯೂ ಅಲ್ಲೇ, ಊಟವೂ ಅಲ್ಲಿಗೇ ಬರುತ್ತಿತ್ತು. ನಾನು ಕಣ್ಣಿಗೆ ಬೀಳಬಾರದೆಂದು ಅಣ್ಣ ಹೊಲದ ಬೇರೆ ದಾರಿಯಲ್ಲಿ ಓಡಾಡುತ್ತಿದ್ದ.

ಎರಡನೆಯ ದಿನ ಮಧ್ಯಾಹ್ನ ಸುಟ್ಟ ವಾಸನೆ ಬಂತು. ಹೊಲದವರೆಗೂ ಓಡಿ ಅಣ್ಣನನ್ನು ಕರೆತಂದೆ. ಅವತ್ತು ಅತ್ತಿಗೆಯ ಮುಯ್ಯಿಯ ದಿನವಲ್ಲ, ತಮ್ಮ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಮೂರನೆಯ ದಿನ ಮತ್ತೆ ಓಡಿದೆ. ಅದು ಬೀದಿಯಲ್ಲಿ ಯಾರೋ ಸೀಗೆಕಾಯಿ ಸಿಪ್ಪೆ ಸುಟ್ಟದ್ದು. ಆ ಸಲವೂ ಅಣ್ಣ ಸೊಪ್ಪು ಮುರಿಯುವುದನ್ನು ನಿಲ್ಲಿಸಿ ಬಂದು, ಕಿಂಡಿಯಲ್ಲಿ ನೋಡಿ, ವಾಪಸು ಹೋದ. ಹೀಗೆ ಇನ್ನೆರಡು ಸಲ ಓಡಿಬಂದರೆ ಅವನ ಹೊಲದ ಸೊಪ್ಪು ನನ್ನಿಂದಲೇ ಗಿಡದಲ್ಲಿ ಉಳಿದುಹೋಗುತ್ತದಲ್ಲ ಎಂಬ ಹೊಸ ಚಿಂತೆ ಶುರುವಾಯಿತು. ನಾನು ಕಾಯಲು ಬಂದವನೋ ಕಾಡಲು ಬಂದವನೋ? ಇನ್ನು ಏನೇ ಆಗಲಿ ಓಡುವುದಿಲ್ಲ ಎಂದು ಬೆಟ್ಟದ ಮೇಲಿನ ದೇವರು ಮಲ್ಲಯ್ಯನ ಕಡೆ ಮುಖ ಮಾಡಿ ಪ್ರತಿಜ್ಞೆ ಮಾಡಿದೆ.

ಐದನೆಯ ದಿನ ಬೆಳಗ್ಗೆ ಹತ್ತರ ಹೊತ್ತು. ಬಿಸಿ ಏರಿಸುವ ದಿನ, ಸೊಪ್ಪು ಗರಿಗರಿಯಾಗಿತ್ತು. ಕಿಂಡಿಯಲ್ಲಿ ನೋಡಿದೆ: ಎಲ್ಲ ಸರಿ. ಐದು ನಿಮಿಷ ಬಿಟ್ಟು ನೋಡಿದೆ: ಕೆಳಸಾಲಿನ ಒಂದು ಕಡ್ಡಿಯ ತುದಿ ಜಾರಿ ಓರೆಯಾಗಿತ್ತು. ಸೊಪ್ಪಿನ ಒಂದು ಕಂತೆ ಕೊಳವೆಗೆ ಗೇಣಿನಷ್ಟು ಮೇಲೆ ತೂಗಾಡುತ್ತಿತ್ತು. ಒಣಗಿದ ಸೊಪ್ಪು ಕೊಳವೆಗೆ ತಾಗಿತೆಂದರೆ ಮುಗಿಯಿತು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಕನ್ನಡಕ ಒರೆಸಿ ನೋಡಿದೆ. ಗೇಣು ಇದ್ದದ್ದು ನಾಲ್ಕು ಬೆರಳಾಗಿತ್ತು. ಕನ್ನಡಕದ ತಪ್ಪೇ ಇರಬೇಕೆಂದು ಮತ್ತೊಮ್ಮೆ ಒರೆಸುವವನಿದ್ದೆ. ಒರೆಸಲಿಲ್ಲ. ಓಡಿದೆ. ಹೊಲಕ್ಕಲ್ಲ, ನಮ್ಮ ಹಟ್ಟಿಗೆ, ಕೀಲಿ ಇದ್ದ ಕಡೆಗೆ.

ಅತ್ತಿಗೆ ದಾರ ಹಲ್ಲಲ್ಲಿ ಕಚ್ಚಿಕೊಂಡೇ, ಇದು ಮೆಣಸಿನಕಾಯಿಯಲ್ಲ ತಾನೆ ಎಂದರು. ನಾನು ಅಲ್ಲಿದ್ದ ಒಂದು ಕಡ್ಡಿ ಎತ್ತಿ ಓರೆ ಮಾಡಿ ತೋರಿಸಿದೆ. ಸುನಂದ ನನ್ನ ಮುಖ ನೋಡಿದಳು. ಈ ಮುಖದ ಚಿಂತೆಗಳ ಬಗೆಗಳೆಲ್ಲ ಅವಳಿಗೆ ಗೊತ್ತು, ಸೊಪ್ಪಿನ ಬಣ್ಣಗಳ ಹಾಗೆ.

"ಇದು ಬ್ಯಾರೆ ತರ ಐತೆ, ಎದ್ದೇಳಕ್ಕ" ಎಂದಳು.

ಇಬ್ಬರೂ ಓಡಿದರು. ಸುನಂದ ಒಲೆಯ ಸೌದೆಯನ್ನೆಲ್ಲ ಹೊರಗೆಳೆದಳು. ಅತ್ತಿಗೆ ಕಿಂಡಿಯಲ್ಲಿ ಒಂದೇ ಸಲ ನೋಡಿ, ಸೆರಗನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು, ಕೊಕ್ಕೆಯ ಗಳ ಹಿಡಿದು, ಬೀಗ ತೆಗೆದು ನನ್ನ ಕೈಗೆ ಕೊಟ್ಟರು.

"ಬಾಗ್ಲು ತಗೀರಿ ಮೇಷ್ಟ್ರೇ" ಎಂದರು.

ಬಾಗಿಲು ತೆಗೆಯುವುದರಲ್ಲಿ ನನಗೆ ಹಳೆಯ ಅನುಭವ. ತೆಗೆದೆ. ಕಾವು ಮುಖಕ್ಕೆ ಬಡಿಯಿತು. ಅತ್ತಿಗೆ ಹೊಸ್ತಿಲಿನಲ್ಲೇ ನಿಂತು ಗಳ ಚಾಚಿ ಕಡ್ಡಿಯನ್ನು ಸಿಕ್ಕಿಸಿ ಎಳೆದರು. ಕಂತೆ ಹೊರಗೆ ಅಂಗಳಕ್ಕೆ ಬಿತ್ತು. ಅದರ ಒಂದು ತುದಿ ಕಂದಾಗಿತ್ತು, ಹೊಗೆಯಾಡುತ್ತಿರಲಿಲ್ಲ. ಬಾಗಿಲು ಹಾಕಿ, ಸೌದೆ ಒಳಗೆ ನೂಕಿದೆವು. ಅತ್ತಿಗೆ ಆ ಕಡ್ಡಿಯನ್ನು ಕಾಲಿನಿಂದ ತಿರುಗಿಸಿ ನೋಡಿ, ಇದು ನಮ್ಮನೆಯವರೇ ಏರಿಸಿದ ಕಡ್ಡಿ ಎಂದರು. ಅಷ್ಟು ಹೇಳಿ, ಮತ್ತೆ ಬೀಗ ಹಾಕಿಕೊಂಡು ಸೊಪ್ಪು ಕಟ್ಟಲು ಹೋದರು.

ಅಣ್ಣನಿಗೆ ಸುದ್ದಿ ಹೋದದ್ದು ಸಂಜೆ, ಹೊಲದ ಕೊನೆಯ ಸಾಲು ಮುರಿದಾದ ಮೇಲೆ. ಅಷ್ಟರಲ್ಲಿ ನಮ್ಮ ಹಟ್ಟಿಯ ಗುಡ್ಡೆಯೂ ಕರಗಿ ಕಡ್ಡಿಗಳಾಗಿ ನಿಂತಿತ್ತು. ಮಾರನೆಯ ದಿನ ಬ್ಯಾರನ್ನಿನಿಂದ ಕಡ್ಡಿಗಳನ್ನು ಇಳಿಸಿದರು. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಣ್ಣ ಒಂದು ಎಲೆ ತೆಗೆದುಕೊಂಡು ನಡುದಂಟನ್ನು ಮುರಿದ, ಪಟ್ಟನೆ ಮುರಿಯಿತು. ಇನ್ನೊಂದು ಮುರಿದ, ಮತ್ತೊಂದು ಮುರಿದ. ತಪ್ಪು ಸಿಗಲಿ ಎಂದು ಹುಡುಕುತ್ತಿದ್ದಾನೆ ಎನಿಸಿತು. ಸಿಗದೆ ಹೋದದ್ದಕ್ಕೆ ಜಗಲಿಯ ಮೇಲೆ ನನ್ನ ಪಕ್ಕ ಬಂದು ಕೂತ. ಪಾಲಾದ ಮೇಲೆ ಒಂದೇ ಜಗಲಿಯಲ್ಲಿ ನಾವು ಕೂತಿರಲಿಲ್ಲ. ಅಣ್ಣ ಬೀಡಿ ಹಚ್ಚಿದ. ಆಮೇಲೆ ಬೀದಿಗೆ ಹೇಳುವ ಹಾಗೆ ಹೇಳಿದ:

"ಬ್ಯಾರನ್ ಅಚ್ಚಿದ್ ಕಾಲ್ದಲ್ಲಿ ನಾ ಯಾವತ್ತೂ ನಿದ್ದೆ ಮಾಡ್ದೋನಲ್ಲ. ಈ ಸಲ ಐದು ದಿವ್ಸಾನೂ ಒರಗಿದ್ ತಕ್ಷಣ ನಿದ್ದೆ ಬತ್ತಿತ್ತು ಕಣ್ಲಾ. ನೀ ಮಲಗಿರಾಕಿಲ್ಲ ಅಂತ ಗೊತ್ತಿತ್ತಲ್ಲ."

ವ್ಯಾಪಾರದಿಂದ ಆಗುವ ಲಾಭಗಳನ್ನು ಪುಸ್ತಕದಲ್ಲಿ ಪಟ್ಟಿ ಮಾಡಿದ್ದಾರೆ. ನಾನು ಎಷ್ಟೋ ವರ್ಷ ಅದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಮಕ್ಕಳು ಬರೆದುಕೊಂಡು ಪಾಸಾಗಿದ್ದಾರೆ. ಅಣ್ಣನ ಐದು ದಿನದ ನಿದ್ದೆಗೆ ಅದರಲ್ಲಿ ಜಾಗ ಇರಲಿಲ್ಲ. ಹೂಂ ಎಂದೆ. ಅಷ್ಟರಲ್ಲೇ ಆ ಮಾತು ತಲೆಯಲ್ಲಿ ಇನ್ನೊಂದು ದಾರಿ ಹಿಡಿಯಿತು. ಐವತ್ತೇಳು ವರ್ಷದ ಗಂಡಸಿಗೆ ಒರಗಿದ ತಕ್ಷಣ ನಿದ್ದೆ, ಅದೂ ಐದು ದಿನ ಒಂದೇ ಸಮನೆ, ಸಕ್ಕರೆ ಕಾಯಿಲೆ ಶುರುವಾಗುವುದು ಹೀಗೇ ಅಲ್ಲವೇ? ನೇರವಾಗಿ ಕೇಳಿದರೆ ಬೈಯುತ್ತಾನೆ. ಅತ್ತಿಗೆಯ ಕಿವಿಯಲ್ಲಿ ಹಾಕಿದ್ದೇನೆ. ಬುಧವಾರ ಖಾಲಿ ಹೊಟ್ಟೆಯಲ್ಲಿ ಅವನನ್ನು ರಕ್ತ ಪರೀಕ್ಷೆಗೆ ಹುಣಸೂರಿಗೆ ಕರೆತರುತ್ತಾರೆ.